ಅಪ್ಪಾ, ಕೆಳಗಿನ ತೋಟ ಈಗಲೇ ಕೀಳಿಸಬೇಡಿ

ಫ್ರಾಂಕ್‌ಫರ್ಟ್
24 ಸೆಪ್ಟೆಂಬರ್ 2025

ಪ್ರೀತಿಯ ಅಪ್ಪ, ಅಮ್ಮ, ಅಜ್ಜಿಗೆ ನಮಸ್ಕಾರಗಳು. ಪುಟ್ಟನಿಗೆ ಪ್ರೀತಿ.

ನಾನು ಚೆನ್ನಾಗಿದ್ದೇನೆ. ಫೋನ್ ಮಾಡಿದರೆ ಅಪ್ಪ "ಊಟ ಆಯ್ತಾ, ಅಲ್ಲಿ ಚಳಿ ಶುರುವಾಯ್ತಾ" ಅಂತ ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಈ ಸಲ ಹೇಳಬೇಕಾದ್ದು ಜಾಸ್ತಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಾ, ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತಾಗ ಓದು. ಅವಸರ ಮಾಡಬೇಡ. ದ್ರಾಕ್ಷಿ ವಿಷಯ ಬಂದ ಕಡೆ ಅಪ್ಪ ಕೇಳಿದರೆ ಇನ್ನೊಂದು ಸಲ ಓದು.

ಕಳೆದ ಶುಕ್ರವಾರ ನಾವು ನಾಲ್ಕು ಜನ ಮೋಸೆಲ್ ಅನ್ನುವ ನದಿಯ ಕಡೆ ಹೋಗಿದ್ದೆವು. ಭಾನುವಾರ ರಾತ್ರಿ ವಾಪಸ್ ಬಂದೆವು. ಅಮ್ಮ ಕರೆಯುವ ಹೆಸರಿನಲ್ಲೇ ಹೇಳುತ್ತೇನೆ: ತ್ರಿಶೂರ್ ಹುಡುಗಿ, ಹುಬ್ಬಳ್ಳಿ ಹುಡುಗ, ಆಮೇಲೆ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಜರ್ಮನ್ ಗೆಳತಿ, ನಾನು ಬಂದ ಮೊದಲ ಚಳಿಗಾಲದಲ್ಲಿ ತನ್ನ ಕೋಟು ಬಿಚ್ಚಿ ಕೊಟ್ಟಳಲ್ಲ, ಅವಳು. ನವೆಂಬರ್‌ನಲ್ಲಿ ನಾನು ಊರಿಗೆ ಹೊರಡುತ್ತೇನೆ, ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯವನು ಬೇರೆ ಕೆಲಸಕ್ಕೆ ಬೇರೆ ಊರಿಗೆ ಹೋಗುತ್ತಾನೆ. ಮತ್ತೆ ನಾಲ್ವರೂ ಒಂದೇ ಕಡೆ ಕೂತು ಊಟ ಮಾಡುವುದು ಯಾವಾಗಲೋ ಏನೋ. ಒಂದು ಸಲ ಎಲ್ಲಾದರೂ ಹೋಗಿಬರೋಣ ಅಂದರು. ಎಲ್ಲಿಗೆ ಅಂತ ನೀನೇ ಹೇಳು ಅಂದರು. ನಾಲ್ಕು ವರ್ಷದಲ್ಲಿ ಪ್ಯಾರಿಸ್ ನೋಡಿದೆ, ರೋಮ್ ನೋಡಿದೆ, ಕೆಲವೇ ಗಂಟೆ ದೂರದ ದ್ರಾಕ್ಷಿ ಸೀಮೆಗೆ ಹೋಗಿರಲಿಲ್ಲ. ಅಪ್ಪಾ, ನೀವು ಕೆಳಗಿನ ದ್ರಾಕ್ಷಿ ತೋಟ ಕೀಳಿಸುವ ಮಾತು ಎತ್ತಿದಾಗಿನಿಂದ ನನಗೆ ಅದೇ ತಲೆಯಲ್ಲಿತ್ತು. ಹೋಗುವ ಮೊದಲು ಇಲ್ಲಿಯವರು ದ್ರಾಕ್ಷಿ ಹೇಗೆ ಬೆಳೆಯುತ್ತಾರೆ ಅಂತ ಕಣ್ಣಾರೆ ನೋಡಬೇಕು ಅನ್ನಿಸಿತು.

ಮೊದಲು ಅಮ್ಮನಿಗೆ ಹೇಳಬೇಕಾದ್ದು ಹೇಳಿಬಿಡುತ್ತೇನೆ. ಅಮ್ಮಾ, ನಾವು ಹೋಗಿದ್ದು ವೈನ್ ರುಚಿ ನೋಡುವುದಕ್ಕೆ. ಹೌದು, ನಾನೂ ಕುಡಿದೆ. ನಿನ್ನಿಂದ ಮುಚ್ಚಿಟ್ಟು, ಆಮೇಲೆ ಯಾರದೋ ಫೋಟೋ ನೋಡಿ ನಿನಗೆ ಗೊತ್ತಾಗುವುದು ನನಗೆ ಬೇಡ. ದೊಡ್ಡಪ್ಪನ ಕತೆ ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ದೊಡ್ಡಮ್ಮ ರಾತ್ರಿಯೆಲ್ಲ ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದುದು ನನಗೂ ನೆನಪಿದೆ. ಆ ನೆನಪು ಇಟ್ಟುಕೊಂಡೇ ಹೋದೆ. ಅಲ್ಲಿ ಕೊಡುವುದು ಗ್ಲಾಸಿನ ತಳದಲ್ಲಿ ಎರಡು ಗುಟುಕು. ಮೊದಲು ಮೂಸುತ್ತಾರೆ, ಬಾಯಲ್ಲಿ ಆಡಿಸುತ್ತಾರೆ, ನುಂಗುವುದು ಬೇಡ ಅಂದರೆ ಉಗಿಯುವುದಕ್ಕೆ ಪಕ್ಕದಲ್ಲೇ ಪಾತ್ರೆ ಇಟ್ಟಿರುತ್ತಾರೆ, ಉಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಉಗಿದದ್ದೇ ಜಾಸ್ತಿ, ತುಂಬ ಇಷ್ಟವಾದ ಎರಡನ್ನು ಮಾತ್ರ ನುಂಗಿದೆ. ತ್ರಿಶೂರ್ ಹುಡುಗಿ ಒಂದು ತೊಟ್ಟೂ ಮುಟ್ಟಲಿಲ್ಲ. ಅವಳಿಗೆ ದ್ರಾಕ್ಷಿ ರಸ ಕೊಟ್ಟರು, ಅದೂ ನಮ್ಮಂಥದೇ ಗ್ಲಾಸಿನಲ್ಲಿ, ಅಷ್ಟೇ ಮರ್ಯಾದೆಯಿಂದ. ನಿನಗೆ ಬೇಜಾರಾದರೆ ಬೈ, ಆದರೆ ಪೂರ್ತಿ ಕೇಳಿ ಆಮೇಲೆ ಬೈ.

ಫ್ರಾಂಕ್‌ಫರ್ಟ್‌ನಿಂದ ಕೋಬ್ಲೆನ್ಸ್‌ವರೆಗೆ ಒಂದು ರೈಲು, ಅಲ್ಲಿಂದ ಇನ್ನೊಂದು, ಆಮೇಲೆ ಬಸ್ಸು. ತಿಂಗಳ ಪಾಸು ಇದೆಯಲ್ಲ, ಎಲ್ಲ ಅದರಲ್ಲೇ ಆಯಿತು. ಮೋಸೆಲ್ ನದಿ ಫ್ರಾನ್ಸ್‌ನ ಬೆಟ್ಟದಲ್ಲಿ ಹುಟ್ಟಿ 540 ಕಿಲೋಮೀಟರ್‌ಗೂ ಜಾಸ್ತಿ ಹರಿದು ಕೋಬ್ಲೆನ್ಸ್‌ನಲ್ಲಿ ರೈನ್ ನದಿಗೆ ಸೇರುತ್ತದೆ. ನೆಟ್ಟಗೆ ಹರಿಯುವ ನದಿಯೇ ಅಲ್ಲ ಅದು. ಹಾವಿನ ಹಾಗೆ ಸುತ್ತಿ ಸುತ್ತಿ ಬರುತ್ತದೆ. ರೈಲು ದಡದಲ್ಲೇ ಹೋಗುತ್ತದೆ, ಕೋಖೆಮ್ ಅನ್ನುವ ಊರು ಬಂದಾಗ ಮಾತ್ರ ನದಿಯ ದೊಡ್ಡ ಸುತ್ತು ತಪ್ಪಿಸಿಕೊಂಡು 4 ಕಿಲೋಮೀಟರ್ ಉದ್ದದ ಸುರಂಗಕ್ಕೆ ನುಗ್ಗುತ್ತದೆ. ಆ ಕಡೆಯಿಂದ ಹೊರಗೆ ಬಂದರೆ ಕಣ್ಣಿಗೆ ಕಾಣುವುದೆಲ್ಲ ದ್ರಾಕ್ಷಿ.

ಅಪ್ಪಾ, ನಂದಿ ಬೆಟ್ಟಕ್ಕೆ ಮೆಟ್ಟಿಲು ಹತ್ತಿ ಹೋಗುವ ಕಡೆ ಇದೆಯಲ್ಲ, ಅಂಥ ಇಳಿಜಾರಿನಲ್ಲಿ ದ್ರಾಕ್ಷಿ ನೆಟ್ಟಿದ್ದಾರೆ. ಸುಳ್ಳಲ್ಲ. ಬ್ರೆಮ್ ಅನ್ನುವ ಹಳ್ಳಿಯ ಹತ್ತಿರ ಕಾಲ್ಮೊಂಟ್ ಅಂತ ಒಂದು ಗುಡ್ಡ, ಅದು ಯುರೋಪಿನಲ್ಲೇ ಅತಿ ಕಡಿದಾದ ದ್ರಾಕ್ಷಿ ತೋಟ ಅಂತ ಹೆಸರಾಗಿದೆ, ಕೆಲವು ಕಡೆ 65 ಡಿಗ್ರಿ. ನಿಂತುಕೊಳ್ಳುವುದೇ ಕಷ್ಟ, ಅಲ್ಲಿ ಬುಟ್ಟಿ ಹೊತ್ತು ಇಳಿಯುತ್ತಾರೆ. ಚಪ್ಪರ ಇಲ್ಲ, ಕಲ್ಲು ಕಂಬ ಇಲ್ಲ. ಹಳೆಯ ತೋಟಗಳಲ್ಲಿ ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಕಟಿಂಗ್ ಮಾಡುವಾಗ ಎರಡು ಕಡ್ಡಿ ಉಳಿಸಿಕೊಂಡು, ಒಂದನ್ನು ಈ ಕಡೆ ಇನ್ನೊಂದನ್ನು ಆ ಕಡೆ ಬಗ್ಗಿಸಿ ಗೂಟದ ಬುಡಕ್ಕೆ ತಂದು ಕಟ್ಟುತ್ತಾರೆ. ದೂರದಿಂದ ನೋಡಿದರೆ ಗುಡ್ಡದ ತುಂಬ ವೀಳ್ಯದೆಲೆ ಅಂಟಿಸಿದ ಹಾಗೆ ಕಾಣುತ್ತದೆ.

ಇಷ್ಟು ಕಷ್ಟ ಯಾಕೆ, ಕೆಳಗೆ ಸಮತಟ್ಟು ಜಾಗ ಇಲ್ಲವಾ ಅಂತ ನೀವು ಕೇಳುತ್ತೀರಿ ಅಂತ ಗೊತ್ತಿತ್ತು, ಅದನ್ನೇ ನಾನೂ ಕೇಳಿದೆ. ಕಾರಣ ಬಿಸಿಲು. ನಾವು ಬಿಸಿಲಿನಿಂದ ಕಾಯಿ ಕಾಪಾಡುವುದಕ್ಕೆ ಚಪ್ಪರ ಹಾಕುತ್ತೇವೆ, ಇವರು ಒಂದಿಷ್ಟು ಬಿಸಿಲು ಸಿಗಲಿ ಅಂತ ಗುಡ್ಡ ಹತ್ತುತ್ತಾರೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಾದರೆ ಕೆಳಗೆ ಜಾರಿದ ಸೂರ್ಯನ ಬಿಸಿಲು ನೇರವಾಗಿ ಬೀಳುತ್ತದೆ, ನದಿ ನೀರಿನ ಮೇಲೆ ಬಿದ್ದ ಬೆಳಕೂ ವಾಪಸ್ ಗಿಡಕ್ಕೇ ಬರುತ್ತದೆ. ಜೊತೆಗೆ ಮಣ್ಣು. ಮಣ್ಣು ಅನ್ನುವುದಕ್ಕಿಂತ ಕಲ್ಲು. ಪುಟ್ಟ ಒಂದನೇ ಕ್ಲಾಸಿನಲ್ಲಿ ಬಳಪ ಹಿಡಿದು ಬರೆಯುತ್ತಿದ್ದ ಸ್ಲೇಟು ನೆನಪಿದೆಯಾ? ಅದೇ ಕಲ್ಲು, ಚೂರು ಚೂರಾಗಿ ಗುಡ್ಡದ ತುಂಬ ಬಿದ್ದಿದೆ. ಹಗಲೆಲ್ಲ ಕಾಯ್ದು ರಾತ್ರಿ ಬಳ್ಳಿಯ ಬುಡ ಬೆಚ್ಚಗೆ ಇಡುತ್ತದೆ. ಸಂಜೆ ಏಳಕ್ಕೆ ಕೈ ಇಟ್ಟು ನೋಡಿದೆ, ಗಾಳಿ ತಣ್ಣಗೆ ಬೀಸುತ್ತಿತ್ತು, ಕಲ್ಲು ಇನ್ನೂ ಬಿಸಿ ಇತ್ತು. ಹಿಂದಿನ ಕಾಲದಲ್ಲಿ ಮಳೆಗೆ ಜಾರಿ ಕೆಳಗೆ ಬಂದ ಕಲ್ಲನ್ನು ಬುಟ್ಟಿಯಲ್ಲಿ ತುಂಬಿ ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಹಾಕುತ್ತಿದ್ದರಂತೆ. ತಾತ ಕೆರೆಯ ಗೋಡು ಮಣ್ಣು ತಂದು ಕೆಳಗಿನ ತೋಟಕ್ಕೆ ಹಾಕಿಸಿದ್ದು ನೆನಪಾಯಿತು.

ನಾವು ಉಳಿದುಕೊಂಡಿದ್ದು ಬರ್ನ್‌ಕಾಸ್ಟೆಲ್ ಹತ್ತಿರದ ಒಂದು ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆದು ಅವರೇ ವೈನ್ ಮಾಡುವವರ ಮನೆಯಲ್ಲಿ. ಮೇಲೆ ರೂಮು, ಕೆಳಗೆ ನೆಲಮಾಳಿಗೆ. ಯಜಮಾನರಿಗೆ 70 ದಾಟಿದೆ, ಈಗ ಎಲ್ಲ ನೋಡಿಕೊಳ್ಳುವುದು ಮಗಳು. ನಾವು ಹೋದಾಗ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಮಳೆ ಬರುವ ಮೊದಲು ಕೀಳಬೇಕು ಅಂತ ಮನೆಯವರೆಲ್ಲ ಓಡಾಡುತ್ತಿದ್ದರು, ಮಾತಾಡುತ್ತಾ ಆಡುತ್ತಾ ಆಕಾಶ ನೋಡುತ್ತಿದ್ದರು. ಅಪ್ಪಾ, ಆ ನೋಟ ನಿಮ್ಮದೇ. ಮಾತು ನಮ್ಮ ಜೊತೆ, ಕಣ್ಣು ಮೋಡದ ಮೇಲೆ.

ನನ್ನ ಅಪ್ಪನೂ ದ್ರಾಕ್ಷಿ ಬೆಳೆಯುತ್ತಾರೆ ಅಂತ ಜರ್ಮನ್ ಗೆಳತಿ ಹೇಳಿದ್ದೇ ತಡ, ಅವರು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಶನಿವಾರ ಬೆಳಿಗ್ಗೆ ತೋಟಕ್ಕೆ ಕರೆದುಕೊಂಡು ಹೋದರು. ಗುಡ್ಡದ ಮೇಲೆ ಹೋಗುವುದಕ್ಕೆ ಒಂದೇ ಕಂಬಿಯ ಚಿಕ್ಕ ರೈಲು ಇದೆ. ಹಲ್ಲಿನ ಕಂಬಿ, ಸಣ್ಣ ಪೆಟ್ರೋಲ್ ಎಂಜಿನ್, ಹಿಂದೆ ಕ್ರೇಟ್ ಇಡುವ ತೊಟ್ಟಿಲಿನಂಥದು. ಅದು ಬರುವ ಮೊದಲು ಎಲ್ಲ ಬೆನ್ನ ಮೇಲೇ. ಔಷಧಿ ಹೊಡೆಯುವುದಕ್ಕೆ ಈ ಕಡಿದಾದ ತೋಟಗಳಿಗೆ ಹೆಲಿಕಾಪ್ಟರ್ ಬರುತ್ತದೆ, ಈಗೀಗ ಡ್ರೋನ್ ಕೂಡ. ಬೂಜು ರೋಗ, ಬೂದಿ ರೋಗ ಎರಡೂ ಇವರಿಗೂ ಇದೆ, ನಮ್ಮ ಹಾಗೇ ನಿದ್ದೆ ಕೆಡಿಸುತ್ತದೆ. ನಾವು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುತ್ತೇವಲ್ಲ, ಬೋರ್ಡೋ ಅನ್ನುವುದು ಫ್ರಾನ್ಸ್‌ನ ಒಂದು ಊರು, ವೈನ್‌ಗೆ ಹೆಸರಾದ ಊರು. ಅಲ್ಲಿನ ರೈತರು ರಸ್ತೆ ಬದಿಯ ಸಾಲುಗಳಿಗೆ ಜನ ಕದ್ದು ತಿನ್ನದಿರಲಿ ಅಂತ ಅದನ್ನು ಎರಚುತ್ತಿದ್ದರಂತೆ. ಆ ಸಾಲುಗಳಿಗೆ ಮಾತ್ರ ಬೂಜು ಬಾರದಿದ್ದುದನ್ನು ಒಬ್ಬ ಪ್ರೊಫೆಸರ್ ಗಮನಿಸಿ, 1885ರಲ್ಲಿ ಎಲ್ಲರಿಗೂ ತಿಳಿಸಿದರು. ಅಂದಿನಿಂದ ನಮ್ಮ ಡ್ರಮ್ಮಿನವರೆಗೂ ಬಂತು.

ನಾವೂ ಅರ್ಧ ಗಂಟೆ ಕೈ ಹಾಕಿದೆವು. ರೀಸ್ಲಿಂಗ್ ಅಂತ ಜಾತಿ. ಗೊಂಚಲು ಚಿಕ್ಕದು, ಕಾಯಿ ಚಿಕ್ಕದು, ಹಸಿರು ಹಳದಿ ಬಣ್ಣ. ನಮ್ಮ ದಿಲ್‌ಖುಷ್ ದ್ರಾಕ್ಷಿ ಪಕ್ಕದಲ್ಲಿ ಇಟ್ಟರೆ ಯಾರೂ ಕೊಂಡುಕೊಳ್ಳುವುದಿಲ್ಲ. ಬಾಯಿಗೆ ಹಾಕಿದರೆ ಮೊದಲು ಹುಳಿ, ಆಮೇಲೆ ಸಿಹಿ ಬರುತ್ತದೆ, ತುಂಬ ಹೊತ್ತು ಇರುತ್ತದೆ. ನಾನು ಕತ್ತರಿ ಹಿಡಿದ ರೀತಿ ನೋಡಿ ಯಜಮಾನರು ನಕ್ಕು ತಲೆ ಅಲ್ಲಾಡಿಸಿದರು, "ಇವಳಿಗೆ ಬರುತ್ತೆ" ಅಂತ ಮಗಳಿಗೆ ಹೇಳಿದರು. ತೊಟ್ಟು ಹಿಡಿದು ಕೊಯ್ಯಬೇಕು, ಕಾಯಿ ಮುಟ್ಟಬಾರದು ಅಂತ ತಾತ ನನಗೆ ಕಲಿಸಿದಾಗ ನನಗೆ ಏಳು ವರ್ಷ. ಆ ಹೊತ್ತಿನಲ್ಲಿ ನನಗಾದ ಸಂತೋಷ ಆಫೀಸಿನಲ್ಲಿ ಪ್ರಮೋಷನ್ ಸಿಕ್ಕಾಗಲೂ ಆಗಿರಲಿಲ್ಲ.

ಸಿಹಿ ಅಳೆಯುವುದಕ್ಕೆ ನಮ್ಮಲ್ಲಿ ವೈನ್ ಕಂಪನಿಯವರು ಬಂದು ಬ್ರಿಕ್ಸ್ ನೋಡುತ್ತಾರಲ್ಲ, ಇಲ್ಲಿ ಅದಕ್ಕೆ ಓಕ್ಸ್‌ಲೆ ಅಂತ ಬೇರೆ ಲೆಕ್ಕ. ಯಂತ್ರ ಮಾತ್ರ ಅದೇ, ಒಂದು ಹನಿ ರಸ ಹಾಕಿ ಬೆಳಕಿಗೆ ಹಿಡಿದು ನೋಡುವುದು. ಮೋಸೆಲ್‌ನಲ್ಲಿ 70 ಓಕ್ಸ್‌ಲೆ ಬಂದರೆ ಆ ವೈನ್‌ಗೆ ಕಾಬಿನೆಟ್ ಅಂತ ದರ್ಜೆಯ ಹೆಸರು ಹಾಕಬಹುದು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 17 ಬ್ರಿಕ್ಸ್. ಇನ್ನೂ ಜಾಸ್ತಿ ಬಂದರೆ ಶ್ಪೇಟ್‌ಲೇಸೆ, ತಡವಾಗಿ ಕಿತ್ತದ್ದು ಅಂತ. ಅದಕ್ಕಿಂತಲೂ ಜಾಸ್ತಿ ಬಂದರೆ ಔಸ್‌ಲೇಸೆ, ಆರಿಸಿ ಕಿತ್ತದ್ದು ಅಂತ. ಹೀಗೆ ಏರುತ್ತಾ 150ರವರೆಗೆ ಹೋಗುತ್ತದೆ. ಆ 150ರ ಕತೆ ಕೇಳಿ ನಾನು ಅಲ್ಲೇ ಕೂತುಬಿಟ್ಟೆ. ನಾವು ಬೂಜು ಬಂದ ಗೊಂಚಲು ಕಂಡರೆ ಎದೆ ಒಡೆದುಕೊಳ್ಳುತ್ತೇವೆ, ಕಿತ್ತು ದೂರ ಹಾಕುತ್ತೇವೆ. ಇಲ್ಲಿ ಒಂದು ಬೂಜು ಇದೆ, ಬೆಳಿಗ್ಗೆ ನದಿಯಿಂದ ಮಂಜು ಎದ್ದು ಮಧ್ಯಾಹ್ನ ಬಿಸಿಲು ಬಂದರೆ ಅದು ಹಣ್ಣಾದ ಕಾಯಿಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ತೂತು ಮಾಡುತ್ತದೆ. ನೀರೆಲ್ಲ ಆರಿಹೋಗಿ ಕಾಯಿ ಒಣದ್ರಾಕ್ಷಿ ಥರ ಸುಕ್ಕುಗಟ್ಟುತ್ತದೆ, ಸಿಹಿ ಒಳಗೆ ಉಳಿಯುತ್ತದೆ. ಅಂಥ ಒಂದೊಂದೇ ಕಾಯಿ ಆರಿಸಿ ಕೀಳಬೇಕು. ಒಬ್ಬ ಮನುಷ್ಯ ದಿನವಿಡೀ ಕಿತ್ತರೂ ಒಂದೆರಡು ಬಾಟಲಿಗೆ ಆಗುವಷ್ಟೇ ಸಿಗುತ್ತದಂತೆ. ಎಲ್ಲ ವರ್ಷ ಬರುವುದೂ ಇಲ್ಲ. ಮಳೆ ಜಾಸ್ತಿಯಾದರೆ ಅದೇ ಬೂಜು ಕೊಳೆರೋಗವಾಗಿ ಇಡೀ ತೋಟ ಹಾಳು. ಯಜಮಾನರು ಒಂದು ಸುಕ್ಕಿದ ಕಾಯಿ ಕಿತ್ತು ನನ್ನ ಅಂಗೈಗೆ ಹಾಕಿದರು. ನೋಡುವುದಕ್ಕೆ ಎಸೆಯುವಂಥದು. ತಿಂದೆ. ಜೇನು, ಒಣ ಏಪ್ರಿಕಾಟ್, ಎರಡೂ ಸೇರಿದ ರುಚಿ. ಅಪ್ಪಾ, ಅದನ್ನು ನಿಮ್ಮ ಬಾಯಿಗೆ ಹಾಕಬೇಕು ಅಂತ ಎಷ್ಟು ಅನ್ನಿಸಿತು ಗೊತ್ತಾ.

ರುಚಿ ನೋಡಿದ್ದು ಶನಿವಾರ ಸಂಜೆ. ಉದ್ದನೆಯ ಮರದ ಮೇಜು, ಆರು ಬಾಟಲಿ, ಬ್ರೆಡ್ಡು, ನೀರು. ಎಲ್ಲವೂ ಒಂದೇ ಜಾತಿಯ ದ್ರಾಕ್ಷಿ. ಮೊದಲ ಎರಡನ್ನು ಪಕ್ಕಪಕ್ಕ ಇಟ್ಟರು. ಒಂದು ವೇಲೆನ್ ಕಡೆಯ ನೀಲಿ ಸ್ಲೇಟು ಕಲ್ಲಿನ ತೋಟದ್ದು, ಇನ್ನೊಂದು ಊರ್ತ್ಸಿಗ್ ಕಡೆಯ ಕೆಂಪು ಕಲ್ಲಿನದು. ಮಧ್ಯೆ ಇರುವುದು ಕೆಲವೇ ಕಿಲೋಮೀಟರ್. ಮಾಡುವ ರೀತಿ ಒಂದೇ. ಆದರೂ ನೀಲಿ ಕಲ್ಲಿನದು ಹಸಿ ಸೇಬು, ನಿಂಬೆ ಸಿಪ್ಪೆ ಥರ ಚುರುಕಾಗಿತ್ತು, ಕೆಂಪು ಕಲ್ಲಿನದರಲ್ಲಿ ಏನೋ ಮಸಾಲೆ ಪರಿಮಳ. ಮೇಲಿನ ತೋಟದ ಕಾಯಿಗೂ ಕೆಳಗಿನ ತೋಟದ ಕಾಯಿಗೂ ರುಚಿ ಬೇರೆ ಅಂತ ಅಜ್ಜಿ ಹೇಳಿದರೆ ನಾವೆಲ್ಲ ಸುಮ್ನೆ ನಗುತ್ತಿದ್ದೆವು. ಅಜ್ಜಿ, ನೀವು ಹೇಳಿದ್ದು ನಿಜ. ಇಲ್ಲಿ ಅದೇ ಮಾತಿನ ಮೇಲೆ ಇಡೀ ಸೀಮೆ ಬದುಕುತ್ತಿದೆ.

ಕೊನೆಯ ಬಾಟಲಿ 20 ವರ್ಷ ಹಳೆಯದು. ಮೂಸಿದೆ, ಸೀಮೆಎಣ್ಣೆ ವಾಸನೆ! ನಿಜವಾಗಿಯೂ. ಹಳೆಯ ರೀಸ್ಲಿಂಗ್‌ಗೆ ಆ ವಾಸನೆ ಬರುವುದು ಸಹಜ, ತಿಳಿದವರು ಅದನ್ನೇ ಹುಡುಕುತ್ತಾರಂತೆ. ನನಗೆ ಒಂದು ಕ್ಷಣ ಕರೆಂಟು ಹೋದ ರಾತ್ರಿ, ಅಜ್ಜಿ ಲಾಟೀನಿನ ಗಾಜು ಒರೆಸುತ್ತಾ ಕೂತಿದ್ದು, ನಾನು ಪುಟ್ಟ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದದ್ದು ಎಲ್ಲ ಕಣ್ಣ ಮುಂದೆ ಬಂತು. ಕಣ್ಣು ತುಂಬಿತು. ಹುಬ್ಬಳ್ಳಿಯವನಿಗೆ ಅರ್ಥವಾಯಿತು, ಏನೂ ಕೇಳಲಿಲ್ಲ.

ಆಮೇಲೆ ಊಟ. ಅಮ್ಮಾ, ಜೂನ್‌ನಲ್ಲಿ ಕಳಿಸಿದ್ದ ಪುಳಿಯೋಗರೆ ಗೊಜ್ಜಿನ ಕೊನೆಯ ಡಬ್ಬ ತೆಗೆದುಕೊಂಡು ಹೋಗಿದ್ದೆ. ಅವರ ಅಡುಗೆಮನೆಯಲ್ಲೇ ಅನ್ನ ಮಾಡಿ ಕಲಸಿದೆವು. ಕಡಲೆಬೀಜ ಜಾಸ್ತಿ ಹಾಕಿ ಒಗ್ಗರಣೆ ಕೊಟ್ಟೆ. ಯಜಮಾನರು ಮೊದಲ ತುತ್ತು ಬಾಯಿಗಿಟ್ಟು ಸುಮ್ಮನೆ ಕೂತರು. ನನಗೆ ಖಾರ ಆಯ್ತೇನೋ ಅಂತ ಭಯ. ಅವರು ಎದ್ದು ಕೆಳಗೆ ಹೋಗಿ ಒಂದು ಕಾಬಿನೆಟ್ ಬಾಟಲಿ ತಂದರು, ಸ್ವಲ್ಪ ಸಿಹಿ ಉಳಿಸಿದ್ದು, ಆಲ್ಕೋಹಾಲು ಕಡಿಮೆ. ಇದರ ಜೊತೆ ತಿನ್ನಿ ಅಂದರು. ಹುಣಸೆಯ ಹುಳಿ, ಬೆಲ್ಲ, ಮೆಣಸಿನಕಾಯಿ, ಮೇಲೆ ಆ ತಣ್ಣನೆಯ ಒಂದು ಗುಟುಕು. ನಾನು ನುಂಗಿದ ಎರಡರಲ್ಲಿ ಅದು ಒಂದು. ಅವರ ಹೆಂಡತಿ ಗೊಜ್ಜಿಗೆ ಏನೇನು ಹಾಕುತ್ತಾರೆ ಅಂತ ಕಾಗದದಲ್ಲಿ ಬರೆಸಿಕೊಂಡರು. ಎಳ್ಳು, ಕೊತ್ತಂಬರಿ ಬೀಜ, ಮೆಂತ್ಯ ಎಲ್ಲ ಬರೆಸಿದೆ, ಅಳತೆ ಮಾತ್ರ ನಿನ್ನ ಕೈಗೇ ಗೊತ್ತು. ನೀನು ಹೇಳಿದರೆ ಕಳಿಸುತ್ತೇನೆ.

ಊಟದ ಮೇಲೆ ಅವರಿಗೆ ನಮ್ಮ ತೋಟದ ಫೋಟೋ ತೋರಿಸಿದೆ. ಚಪ್ಪರದ ಕೆಳಗೆ ಅಪ್ಪ ನಿಂತಿರುವುದು, ತಲೆಯ ಮೇಲೆ ನೀಲಿ ಗೊಂಚಲು ಇಳಿಬಿದ್ದಿರುವುದು. ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು ಅಂದರೆ ನಂಬಲಿಲ್ಲ. ಇಲ್ಲಿ ಚಳಿಗಾಲಕ್ಕೆ ಬಳ್ಳಿ ಪೂರ್ತಿ ನಿದ್ದೆ ಹೋಗುತ್ತದೆ, ವರ್ಷಕ್ಕೆ ಒಂದೇ. ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇದೇ ಸೀಮೆಯ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ ಅಂತಲೂ ಹೇಳಿದೆ. ಆಮೇಲೆ ಅವರು ಹೇಳಿದ ವಿಷಯ ನನಗೆ ಹೊಸದು. ನಮ್ಮ ನೀಲಿ ದ್ರಾಕ್ಷಿಯ ವಂಶ ಅಮೆರಿಕದ್ದು. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಒಂದು ಬೇರು ಹುಳ ಯುರೋಪಿನ ದ್ರಾಕ್ಷಿಯನ್ನೆಲ್ಲ ತಿಂದು ಮುಗಿಸುತ್ತಾ ಬಂತು. ಕೊನೆಗೆ ಉಳಿಸಿದ್ದೂ ಅಮೆರಿಕದ ಬೇರೇ, ಅದರ ಮೇಲೆ ಇಲ್ಲಿನ ಕಡ್ಡಿ ಕಸಿ ಕಟ್ಟಿದರು. ನಮ್ಮ ಕಡೆ ಡಾಗ್ರಿಡ್ಜ್ ಬೇರಿಗೆ ಕಸಿ ಕಟ್ಟುತ್ತಾರಲ್ಲ, ಆ ಡಾಗ್ರಿಡ್ಜ್ ಕೂಡ ಅಮೆರಿಕದ್ದೇ. ಮೋಸೆಲ್‌ನ ಕೆಲವು ಸ್ಲೇಟು ಗುಡ್ಡಗಳಲ್ಲಿ ಆ ಹುಳ ಬದುಕುವುದು ಕಷ್ಟವಾದ್ದರಿಂದ ಕಸಿ ಇಲ್ಲದ, ಸ್ವಂತ ಬೇರಿನ ಹಳೆಯ ಬಳ್ಳಿಗಳು ಈಗಲೂ ಇವೆ. ಅವರ ಮನೆಯದು ಅಜ್ಜನ ಕಾಲದ್ದು, ಬುಡ ನನ್ನ ತೊಡೆಯಷ್ಟು ದಪ್ಪ. ಕಾಯಿ ಕಡಿಮೆ ಬಿಡುತ್ತದೆ. ಆದರೂ ಅದನ್ನು ಕೀಳುವ ಮಾತನ್ನೇ ಆ ಮನೆಯಲ್ಲಿ ಆಡುವುದಿಲ್ಲ.

ಭಾನುವಾರ ಮಹಾಲಯ ಅಮಾವಾಸ್ಯೆ. ನೀವು ತಾತನಿಗೆ ಎಡೆ ಇಟ್ಟಿರುತ್ತೀರಿ ಅಂತ ಗೊತ್ತಿತ್ತು. ಆ ದಿನ ನಾನು ವೈನ್ ಮುಟ್ಟಲಿಲ್ಲ, ಅಮ್ಮಾ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ನದಿ ದಡದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಬರ್ನ್‌ಕಾಸ್ಟೆಲ್ ಊರೊಳಗೆ ಹೋದೆವು. ಸೇತುವೆಯ ಈ ಕಡೆ ಕೂಸ್ ಅನ್ನುವ ಊರು. ಅಲ್ಲಿ ಒಂದು ಹಳೆಯ ಧರ್ಮಛತ್ರದಂಥ ಕಟ್ಟಡ ಇದೆ. ಆ ಊರಲ್ಲೇ 1401ರಲ್ಲಿ ದೋಣಿಯವರ ಮನೆಯಲ್ಲಿ ಹುಟ್ಟಿ, ಚರ್ಚಿನಲ್ಲಿ ಕಾರ್ಡಿನಲ್ ಆದ ನಿಕೋಲಸ್ ಅನ್ನುವ ವಿದ್ವಾಂಸರು 1458ರಲ್ಲಿ ಕಟ್ಟಿಸಿದ್ದು. 33 ಜನ ಬಡ ಮುದುಕರಿಗೆ ಊಟ, ವಸತಿ ಸಿಗಲಿ ಅಂತ ತಮ್ಮ ಮನೆತನದ ಆಸ್ತಿ, ದ್ರಾಕ್ಷಿ ತೋಟ ಎಲ್ಲ ಅದಕ್ಕೆ ಬಿಟ್ಟರು. ಇವತ್ತಿಗೂ ಅದು ವೃದ್ಧಾಶ್ರಮವಾಗಿ ನಡೆಯುತ್ತಿದೆ, ಇವತ್ತಿಗೂ ಅದಕ್ಕೆ ಸ್ವಂತ ದ್ರಾಕ್ಷಿ ತೋಟ ಇದೆ. ಅವರ ದೇಹ ರೋಮ್‌ನಲ್ಲಿದೆ, ಹೃದಯ ಮಾತ್ರ ಈ ಊರಿನ ಪ್ರಾರ್ಥನಾ ಮಂದಿರದ ನೆಲದ ಕೆಳಗೆ ಇಟ್ಟಿದ್ದಾರೆ. ನಾನು ಆ ಕಲ್ಲಿನ ಮುಂದೆ ನಿಂತಾಗ ತಾತನ ನೆನಪಿನಲ್ಲಿ ಕೈ ಮುಗಿದೆ. ಬೇರೆಯವರ ದೇವರ ಮನೆಯಾದರೂ ಆ ದಿನಕ್ಕೆ ಅದೇ ಸರಿ ಅನ್ನಿಸಿತು.

ವಾಪಸ್ ಬರುವಾಗ ನೋಡಿದ್ದನ್ನೂ ಹೇಳಬೇಕು, ಒಳ್ಳೆಯದು ಮಾತ್ರ ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಗುಡ್ಡಗಳಲ್ಲಿ ತೋಟ ಪಾಳು ಬಿದ್ದಿದೆ. ಮಧ್ಯೆ ಮಧ್ಯೆ ಮುಳ್ಳು ಪೊದೆ, ಕುಸಿದ ಕಲ್ಲಿನ ಗೋಡೆ. 1990ರ ಸುಮಾರಿಗೆ ಇಲ್ಲಿ 12 ಸಾವಿರ ಹೆಕ್ಟೇರ್‌ಗೂ ಜಾಸ್ತಿ ದ್ರಾಕ್ಷಿ ಇತ್ತು, ಈಗ 9 ಸಾವಿರಕ್ಕೂ ಕಡಿಮೆ. ಕಾರಣ ಕೇಳಿದರೆ ನಮ್ಮೂರಿನ ಕಟ್ಟೆಯ ಮೇಲೆ ಕೂತು ಕೇಳಿದ ಹಾಗಿತ್ತು. ಕೂಲಿಗೆ ಜನ ಇಲ್ಲ. ಮಕ್ಕಳು ಪಟ್ಟಣಕ್ಕೆ ಹೋದರು. ದೊಡ್ಡ ವ್ಯಾಪಾರಿಗಳಿಗೆ ಸಗಟಾಗಿ ಮಾರಿದರೆ ಲೀಟರಿಗೆ ಒಂದು ಯೂರೋ ಕೂಡ ಸಿಗುವುದಿಲ್ಲ, ಹಾಕಿದ ದುಡ್ಡು ಬರುವುದಿಲ್ಲ. ಈ ಮನೆಯವರೂ ಒಂದು ತುಂಡು ತೋಟ ಬಿಟ್ಟುಬಿಟ್ಟಿದ್ದಾರೆ. ಉಳಿದದ್ದನ್ನು ಉಳಿಸಿದ್ದು ಮಗಳು. ಅವಳು ಹತ್ತು ವರ್ಷ ಪಟ್ಟಣದಲ್ಲಿ ಕೆಲಸ ಮಾಡಿ ವಾಪಸ್ ಬಂದವಳು. ಮಧ್ಯವರ್ತಿ ಬಿಟ್ಟಳು, ಮನೆ ಬಾಗಿಲಲ್ಲೇ ಮಾರಲು ಶುರು ಮಾಡಿದಳು, ರೂಮು ಬಾಡಿಗೆಗೆ ಕೊಟ್ಟಳು, ಕುಡಿಯದವರಿಗೆ ರಸ ಮಾಡಿದಳು. ಮೊದಲ ಮೂರು ವರ್ಷ ನಷ್ಟ ಅಂತ ಮುಚ್ಚುಮರೆ ಇಲ್ಲದೆ ಹೇಳಿದಳು. ನೀನು ಯಾಕೆ ವಾಪಸ್ ಬಂದೆ ಅಂತ ಕೇಳಿದೆ. ಅಪ್ಪ ಕೀಳಿಸುವ ದಿನ ಗೊತ್ತು ಮಾಡಿದ್ದರು, ಅದಕ್ಕೆ ಬಂದೆ ಅಂದಳು.

ಅಪ್ಪಾ, ಈಗ ನನ್ನ ಮಾತು ಕೇಳಿ. ದೀಪಾವಳಿ ಕಳೆದ ಮೇಲೆ ಕೆಳಗಿನ ತೋಟ ಕೀಳಿಸಿ, ಕಲ್ಲು ಕಂಬ ಮಾರಿ, ಟೊಮೇಟೊ ಹಾಕುತ್ತೇನೆ ಅಂದಿರಿ. ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತ ಅಲ್ಲ. ಹೋದ ವರ್ಷ ಕೊಯ್ಲಿಗೆ ಬಂದ ಕಾಯಿ ಮಳೆಗೆ ಒಡೆದುಹೋಯಿತು. ಬೋರ್‌ವೆಲ್‌ನಲ್ಲಿ ನೀರು ಕಡಿಮೆ. ಮಂಡಿಯಲ್ಲಿ ಕೊಟ್ಟ ರೇಟು ಕೂಲಿಗೂ ಸಾಲಲಿಲ್ಲ. ನಿಮ್ಮ ಮೊಣಕಾಲು ನೋವು ಬೇರೆ, ಕತ್ತೆತ್ತಿ ದಿನವಿಡೀ ಕಟಿಂಗ್ ಮಾಡುವುದು ಇನ್ನು ಆಗುವುದಿಲ್ಲ. ಇದೆಲ್ಲ ನಿಜ. ನಾನು ವೈನ್ ಮಾಡೋಣ ಅಂತಲೂ ಹೇಳುತ್ತಿಲ್ಲ, ಅದರ ಲೈಸೆನ್ಸು, ಬಂಡವಾಳ ನಮ್ಮ ಕೈಗೆ ಎಟುಕುವುದಲ್ಲ, ಅಮ್ಮನಿಗೆ ಮನಸ್ಸಿಲ್ಲದ್ದು ನಮ್ಮ ಮನೆಯಲ್ಲಿ ನಡೆಯುವುದೂ ಬೇಡ. ನಾನು ಕೇಳುವುದು ಒಂದೇ ಒಂದು ಬೆಳೆಯ ಗಡುವು. ತಾತ ನೆಟ್ಟ ಬಳ್ಳಿ ಕೀಳುವುದಕ್ಕೆ ಜೆಸಿಬಿಗೆ ಅರ್ಧ ದಿನ ಸಾಕು. ಮತ್ತೆ ಬೇಕು ಅಂದರೆ ಅಂಥ ಬುಡ ಬರುವುದಕ್ಕೆ ಎಷ್ಟು ವರ್ಷ ಬೇಕು ಅಂತ ನಿಮಗೆ ನಾನು ಹೇಳಬೇಕಾ.

ಡಿಸೆಂಬರ್‌ನಿಂದ ನನ್ನ ಕೆಲಸ ಬೆಂಗಳೂರಿನಲ್ಲಿ. ವಾರಕ್ಕೆ ಮೂರು ದಿನ ಆಫೀಸು, ಉಳಿದ ಎರಡು ದಿನ ಮನೆಯಿಂದಲೇ ಮಾಡಬಹುದು. ಶನಿವಾರ ಭಾನುವಾರ ಊರಲ್ಲೇ ಇರುತ್ತೇನೆ. ಈ ಬೆಳೆಯ ಔಷಧಿ, ಗೊಬ್ಬರದ ಖರ್ಚು ನಾನು ಹಾಕುತ್ತೇನೆ. ಲೆಕ್ಕ ಪುಟ್ಟ ಬರೆಯಲಿ, ಒಂದು ರೂಪಾಯಿ ಬಿಡದೆ. ಬೆಂಗಳೂರಿನಲ್ಲಿ ನನ್ನ ಗೆಳತಿಯರ ಅಪಾರ್ಟ್‌ಮೆಂಟ್‌ಗಳಿಗೆ ನೇರವಾಗಿ ಕಾಯಿ ಕೊಟ್ಟು ನೋಡೋಣ, ಸ್ವಲ್ಪ ರಸ ಮಾಡಿ ನೋಡೋಣ. ನಮ್ಮ ನೀಲಿ ದ್ರಾಕ್ಷಿಯ ಆ ಪರಿಮಳ, ಬಸ್ಸು ಇಳಿದ ತಕ್ಷಣ ಮೂಗಿಗೆ ಬರುವುದು, ನಾಲ್ಕು ವರ್ಷದಲ್ಲಿ ನಾನು ಇಲ್ಲಿ ಯಾವ ಅಂಗಡಿಯಲ್ಲೂ ಕಂಡಿಲ್ಲ. ಒಂದು ಬೆಳೆ ನೋಡಿ, ಲೆಕ್ಕ ಹೊಂದದಿದ್ದರೆ ಆಮೇಲೆ ನೀವು ಹೇಳಿದ ಹಾಗೆ. ಆಗ ನಾನು ಒಂದು ಮಾತೂ ಎದುರಾಡುವುದಿಲ್ಲ.

ನನ್ನ ವಿಮಾನ ನವೆಂಬರ್ 20ಕ್ಕೆ. ಸಾಮಾನು ಈಗಿಂದಲೇ ಕಟ್ಟುತ್ತಿದ್ದೇನೆ. ಅಜ್ಜಿಗೆ ಆ ಮನೆಯ ದ್ರಾಕ್ಷಿ ರಸದ ಎರಡು ಬಾಟಲಿ ತರುತ್ತೇನೆ, ಅದರಲ್ಲಿ ಏನೂ ಇಲ್ಲ, ಬರೀ ರಸ. ಅಮ್ಮ ಒಪ್ಪಿದರೆ ಅಪ್ಪನಿಗೆ ಒಂದು ಕಾಬಿನೆಟ್. ಒಪ್ಪದಿದ್ದರೆ ಬೇಡ, ಇಲ್ಲೇ ಗೆಳತಿಗೆ ಕೊಟ್ಟು ಬರುತ್ತೇನೆ. ಬಳ್ಳಿಯ ಕಡ್ಡಿ ತರುವ ಹಾಗಿಲ್ಲ, ಗಿಡ ತರುವುದಕ್ಕೆ ವಿಮಾನ ನಿಲ್ದಾಣದಲ್ಲಿ ಬಿಡುವುದಿಲ್ಲ. ಯಜಮಾನರು ಒಂದು ಸ್ಲೇಟು ಕಲ್ಲಿನ ಚೂರು ಕೊಟ್ಟಿದ್ದಾರೆ, ನಿಮ್ಮಪ್ಪನಿಗೆ ಕೊಡು ಅಂತ. ಅಂಗೈಯಷ್ಟು ದೊಡ್ಡದು, ನೀಲಿ ಬಣ್ಣ. ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಮುಂದಿನ ವಾರ ಆಯುಧ ಪೂಜೆ. ಟ್ರ್ಯಾಕ್ಟರು, ಮೋಟಾರು, ಪುಟ್ಟನ ಬೈಕು ಎಲ್ಲಕ್ಕೂ ಕುಂಕುಮ ಇಡುವಾಗ ಅಟ್ಟದ ಮೇಲಿರುವ ತಾತನ ಕಟಿಂಗ್ ಕತ್ತರಿಯನ್ನೂ ಇಳಿಸಿ, ಎಣ್ಣೆ ಹಾಕಿ ಒರೆಸಿ, ಪೂಜೆಗೆ ಇಡಿ. ಈ ಸಲದ ಕಟಿಂಗ್ ನಾನು ಬಂದ ಮೇಲೆ ಮಾಡಿದರೆ ತಡ ಆಗುತ್ತಾ? ಆಗುವುದಾದರೆ ಮೇಲಿನ ತೋಟ ಮುಗಿಸಿ, ಕೆಳಗಿನದರಲ್ಲಿ ಎರಡು ಸಾಲಾದರೂ ನನಗೆ ಬಿಡಿ. ಯಾವ ದಿನ ಅಂತ ಪುಟ್ಟನ ಕೈಲಿ ಒಂದು ಮೆಸೇಜ್ ಹಾಕಿಸಿ, ಕಾಯುತ್ತಿರುತ್ತೇನೆ.

ನಿಮ್ಮ ಮಗಳು